ಓವರ್‌ಕ್ಲಾಕಿಂಗ್ ಮದರ್‌ಬೋರ್ಡ್: ಆರಿಸುವುದು, ಬಳಸುವುದು ಹೇಗೆ?

ಓವರ್‌ಕ್ಲಾಕಿಂಗ್ ಎಂದರೆ ಪ್ರೊಸೆಸರ್, ರ‍್ಯಾಮ್‌ಗಳನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಅದಕ್ಕೆಂದೇ ಮಾಡಿದ ಆಸುಸ್‌ನ 'ಮ್ಯಾಕ್ಸಿಮಸ್ ಝಡ್790 ಏಪೆಕ್ಸ್' ಬೋರ್ಡನ್ನು ಮೊದಲ ಸಲ ಕಂಡವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಇಷ್ಟು ದುಬಾರಿ ಬೋರ್ಡಿನಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್ ಯಾಕೆ? ಅರ್ಧ ಬೆಲೆಯ ಬೋರ್ಡುಗಳಲ್ಲೂ ನಾಲ್ಕಿರುತ್ತವಲ್ಲ!

ಬೇಕೆಂದೇ ಹಾಗೆ ಮಾಡಿದ್ದಾರೆ. ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ತಾಮ್ರದ ಗೆರೆಗಳು ಗಿಡ್ಡವಾದಷ್ಟೂ ಸಿಗ್ನಲ್ ಚೊಕ್ಕವಾಗಿರುತ್ತದೆ. ಖಾಲಿ ಬಿದ್ದಿರುವ ಸ್ಲಾಟ್ ಕೂಡ ಸಿಗ್ನಲ್ಲನ್ನು ಹಿಂದಕ್ಕೆ ತಳ್ಳಿ ಗಲಿಬಿಲಿ ಮಾಡುತ್ತದೆ. ಡಿಡಿಆರ್5 ರ‍್ಯಾಮನ್ನು ಸೆಕೆಂಡಿಗೆ 8000 ಮೆಗಾಟ್ರಾನ್ಸ್‌ಫರ್‌ಗಳ ಆಸುಪಾಸಿನ ವೇಗದಲ್ಲಿ ಓಡಿಸುವವರಿಗೆ ಎರಡು ಸ್ಲಾಟ್ ಕಡಿಮೆಯಾದದ್ದೇ ಲಾಭ. 128 ಜಿಬಿ ರ‍್ಯಾಮ್ ಹಾಕಿ ವಿಡಿಯೊ ಎಡಿಟ್ ಮಾಡುವವರು ನಾಲ್ಕು ಸ್ಲಾಟಿನ ಬೋರ್ಡನ್ನೇ ಕೊಳ್ಳಲಿ.

ಎರಡನೆಯದಾಗಿ ಪ್ರೊಸೆಸರ್ ಸಾಕೆಟ್ಟಿನ ಸುತ್ತ ನೋಡಿ. ದಪ್ಪ ಹೀಟ್‌ಸಿಂಕ್‌ಗಳ ಕೆಳಗಿರುವುದು ವಿಆರ್‌ಎಂ, ಅಂದರೆ ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್. ಪವರ್ ಸಪ್ಲೈ ಕೊಡುವುದು 12 ವೋಲ್ಟ್, ಪ್ರೊಸೆಸರ್‌ಗೆ ಬೇಕಾದ್ದು ಸುಮಾರು 1.3 ವೋಲ್ಟ್. ಇಳಿಸಿಕೊಡುವ ಕೆಲಸ ವಿಆರ್‌ಎಂನದು. ಕೋರ್ ಐ9-14900ಕೆಗೆ ಇಂಟೆಲ್ ಹೇಳುವ ಗರಿಷ್ಠ ಟರ್ಬೊ ಪವರ್ 253 ವಾಟ್. ಅದನ್ನು 1.3ರಿಂದ ಭಾಗಿಸಿ ನೋಡಿ, ಹತ್ತಿರಹತ್ತಿರ 195 ಆಂಪಿಯರ್! ಮನೆಯ ಗೀಸರ್ ಪ್ಲಗ್ಗೇ 16 ಆಂಪಿಯರಿನದು. ಏಪೆಕ್ಸ್‌ನಲ್ಲಿ 105 ಆಂಪಿಯರ್ ಸಾಮರ್ಥ್ಯದ 24 ಪವರ್ ಸ್ಟೇಜ್‌ಗಳಿವೆ (ವಿಆರ್‌ಎಂನಲ್ಲಿ ವೋಲ್ಟೇಜ್ ಇಳಿಸಿಕೊಡುವ ಬಿಡಿ ಘಟಕಗಳು). ಹೊರೆ ಅಷ್ಟು ಕಡೆ ಹಂಚಿಹೋಗುವುದರಿಂದ ಯಾವುದೂ ವಿಪರೀತ ಕಾಯುವುದಿಲ್ಲ. ಪ್ರೊಸೆಸರ್‌ಗೆ ವಿದ್ಯುತ್ ತರುವ, ಬೋರ್ಡ್ ಮೇಲಿನ ಎರಡು 8-ಪಿನ್ ಕನೆಕ್ಟರ್‌ಗಳಿಗೂ ಕೇಬಲ್ ಹಾಕಿ, ಒಂದನ್ನು ಖಾಲಿ ಬಿಡಬೇಡಿ.

ನನ್ನನ್ನು ಕೇಳಿದರೆ, ಇಂಥ ಬೋರ್ಡಿನಲ್ಲಿ ನಿತ್ಯ ಉಪಕಾರಕ್ಕೆ ಬರುವುದು ಅಂಚಿನಲ್ಲಿರುವ ಎರಡಂಕಿಯ ಪುಟ್ಟ ಡಿಸ್‌ಪ್ಲೇ. ಕಂಪ್ಯೂಟರ್ ಆನ್ ಆಗದೆ ಕಪ್ಪು ಪರದೆ ತೋರಿಸುತ್ತಾ ಕೂತಾಗ ತಪ್ಪು ಎಲ್ಲಿದೆ ಎಂದು ಅದು ಹೇಳುತ್ತದೆ. 55 ಎಂದು ನಿಂತಿದೆಯೇ? ರ‍್ಯಾಮ್ ಸಿಕ್ಕಿಲ್ಲ ಎಂದರ್ಥ. ತೆಗೆದು, ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ. ಪಕ್ಕದ ಸೇಫ್ ಬೂಟ್ ಗುಂಡಿ ಒತ್ತಿದರೆ ನಿಮ್ಮ ಸೆಟ್ಟಿಂಗ್ ಅಳಿಸದೆ ಬಯಾಸ್ (ಬೋರ್ಡಿನ ಸೆಟ್ಟಿಂಗ್‌ಗಳಿರುವ ಮೂಲ ತಂತ್ರಾಂಶ) ತೆರೆಯುತ್ತದೆ, ತಪ್ಪಿದ್ದನ್ನಷ್ಟೇ ತಿದ್ದಬಹುದು. ಎಲ್‌ಎನ್2 ಎಂಬ ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಸ್ವಿಚ್) ಮಾತ್ರ ಮುಟ್ಟಬೇಡಿ. ಅದು ಪ್ರೊಸೆಸರನ್ನು ತಣ್ಣಗಿಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿಯುವವರಿಗಾಗಿ ಇಟ್ಟದ್ದು. 2024ರಲ್ಲಿ ದ್ರವ ಹೀಲಿಯಂ ಬಳಸಿ 14900ಕೆಎಸ್ ಪ್ರೊಸೆಸರನ್ನು 9.1 ಗಿಗಾಹರ್ಟ್ಸ್ ದಾಟಿಸಿದ್ದು ಏಪೆಕ್ಸ್ ಬಳಗದ ಬೋರ್ಡ್ ಮೇಲೆಯೇ.

ಈಗ ಕೆಲಸ ಶುರು. ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಹೆಚ್ಚು ವೋಲ್ಟೇಜ್ ಹೋಗಿ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳು ಹಾಳಾಗುತ್ತಿವೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಪರಿಹಾರದ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳನ್ನು ತಿದ್ದುವ ಕೋಡ್) ಬರುವುದು ಬಯಾಸ್ ಮೂಲಕವೇ. ಆಗಲೇ ಕೆಟ್ಟ ಚಿಪ್ಪನ್ನು ಅದು ಸರಿಮಾಡುವುದಿಲ್ಲ.

ಆಮೇಲೆ ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ ಆರಿಸಿ, ಪ್ರೊಸೆಸರ್‌ನ ವೇಗ ಅಳೆಯುವ ಸಿನಿಬೆಂಚ್ ತಂತ್ರಾಂಶ ಓಡಿಸಿ ಅಂಕ, ಶಾಖ ಎರಡನ್ನೂ ಬರೆದಿಟ್ಟುಕೊಳ್ಳಿ. ವೇಗದ ಲೆಕ್ಕ ಸರಳ: 100 ಮೆಗಾಹರ್ಟ್ಸ್ ಮೂಲ ಗಡಿಯಾರ, ಅದಕ್ಕೊಂದು ಗುಣಕ. 57 ಇದ್ದರೆ 5.7 ಗಿಗಾಹರ್ಟ್ಸ್. ಒಂದೊಂದೇ ಅಂಕಿ ಏರಿಸಿ, ಪ್ರತಿ ಸಲವೂ ಕನಿಷ್ಠ ಅರ್ಧ ಗಂಟೆ ಪರೀಕ್ಷಿಸಿ. ಕೆ ಅಕ್ಷರವಿಲ್ಲದ ಇಂಟೆಲ್ ಚಿಪ್‌ಗಳಲ್ಲಿ ಈ ಗುಣಕಕ್ಕೆ ಬೀಗ ಹಾಕಿರುತ್ತಾರೆ. ಶಾಖ 100 ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ಏರಿಸಿದ್ದೆಲ್ಲ ವ್ಯರ್ಥ. ಬೆಂಗಳೂರಿನ ಡಿಸೆಂಬರ್‌ನಲ್ಲಿ ನಿಂತ ಸೆಟ್ಟಿಂಗ್ ಕಲಬುರಗಿಯ ಏಪ್ರಿಲ್‌ನಲ್ಲಿ ನಿಲ್ಲಲಾರದು. ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದೇ ಕೂಲರ್ ಕೊಳ್ಳಿ.

ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆಯನ್ನು ನಡುಮಟ್ಟದಲ್ಲಿಡಿ. ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಅದು ಎತ್ತಿ ಹಿಡಿಯುತ್ತದೆ ನಿಜ. ತುದಿಗೇರಿಸಿದರೆ ಮಾತ್ರ, ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ಚಿಮ್ಮಿ ಚಿಪ್ಪಿಗೇ ಪೆಟ್ಟು.

ರ‍್ಯಾಮ್ ಕೊನೆಗಿರಲಿ. ಎಕ್ಸ್‌ಎಂಪಿ (ರ‍್ಯಾಮ್ ತಯಾರಕರೇ ಬರೆದಿಟ್ಟ ವೇಗದ ಸೆಟ್ಟಿಂಗ್) ಆನ್ ಮಾಡಿ, ರ‍್ಯಾಮ್‌ನ ತಪ್ಪು ಹುಡುಕುವ ಮೆಮ್‌ಟೆಸ್ಟ್86 ಪೂರ್ತಿ ಓಡಲಿ. ಒಂದೇ ಒಂದು ತಪ್ಪು ಕಂಡರೂ ವೇಗ ಇಳಿಸಿ, ಇಲ್ಲದಿದ್ದರೆ ಫೈಲ್‌ಗಳು ಸದ್ದಿಲ್ಲದೆ ಕೆಡುತ್ತವೆ. ಎಲ್ಲ ನಿಂತ ಮೇಲೆ ಪ್ರೊಫೈಲ್ ಸೇವ್ ಮಾಡಿ, ಬಯಾಸ್‌ನ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಅಪ್‌ಡೇಟ್‌ನಲ್ಲಿ ಸೇವ್ ಮಾಡಿದ್ದು ಅಳಿಸಿಹೋಗುವುದುಂಟು.