ಏರಿನಲ್ಲಿ ನಿಲ್ಲುತ್ತಿದ್ದ ಹಳೆಯ ಲಾರಿ

ತಂದೆಯವರು ಮಂಗಳೂರಿನಿಂದ ಹೆಂಚು ಸಾಗಿಸುತ್ತಿದ್ದ, ಟಾಟಾ–ಬೆಂಜ್ ಒಪ್ಪಂದವು 1969ರಲ್ಲಿ ಮುಗಿಯುವ ಮೊದಲು ತಯಾರಾದ ಲಾರಿಯು ನಾನು ದುರಸ್ತಿ ಮಾಡಿದ ಮೇಲೆ ಸಮತಟ್ಟಿನಲ್ಲಿ ಸರಿಯಾಗಿ ಓಡುತ್ತಿದ್ದರೂ ಏರಿನಲ್ಲಿ ನಿಂತುಬಿಡುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ರಾತ್ರಿಯಿಡೀ ಶಿರಾಡಿ ಘಾಟಿ ಹತ್ತುತ್ತಿದ್ದ ಚಾಲಕರು ಮೆಕ್ಯಾನಿಕ್‌ಗಾಗಿ ಕಾಯದೆ, ಕ್ಲೀನರ್ ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟು ‘ಏರ್ ತೆಗಿ’ (ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಹಾಕು) ಎನ್ನುತ್ತಿದ್ದರೆಂದು ತಂದೆಯವರು ನೆನಪಿಸಿದಾಗಲೇ ನನಗೆ ಹೊಳೆದದ್ದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆಯಾಗಿ ಬರುತ್ತಿದ್ದ ಡೀಸೆಲಿನಲ್ಲಿ ಗುಳ್ಳೆಗಳು ನಿಲ್ಲುವವರೆಗೂ ಕೈಪಂಪನ್ನು ಒತ್ತಿದೆ. ಮರುದಿನ ಗಾಳಿ ಮತ್ತೆ ಸೇರಿತು, ಏಕೆಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಕಡೆ ಸಂದಿಯಿದ್ದರೆ, ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ಪೈಪಿನ ಜೋಡಣೆಯಲ್ಲಿ ನಾನೇ (ಜಿಪುಣತನದಿಂದ) ಮತ್ತೆ ಹಾಕಿದ್ದ ಹಳೆಯ ತಾಮ್ರದ ವಾಷರ್‌ಗಳನ್ನು ಬದಲಿಸಿದ ಮೇಲೆ ಲಾರಿ ಎಲ್ಲೂ ನಿಲ್ಲದೆ ಏರನ್ನು ಹತ್ತಿತು.