ಪೋಷಕಾಂಶವೇ ಕ್ಯಾನ್ಸರ್ ಕೋಶವನ್ನು ಕೊಂದಿತೇ? ಲ್ಯಾಬ್‌ನಲ್ಲಿ ಪರೀಕ್ಷಿಸುವ ಬಗೆ

ಅರಿಶಿನದ ಕರ್ಕ್ಯುಮಿನ್, ಗ್ರೀನ್ ಟೀಯ ಇಜಿಸಿಜಿ, ವಿಟಮಿನ್ ಸಿ, ಯಾವುದನ್ನೇ ಆಗಲಿ ಸಾಕಷ್ಟು ಸುರಿದರೆ ಪ್ಲೇಟಿನಲ್ಲಿರುವ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಅವು ಆ ಪೋಷಕಾಂಶದಿಂದಲೇ ಸತ್ತವೋ, ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) ಹುಟ್ಟಿದ ಬೇರೊಂದು ವಸ್ತುವಿನಿಂದ ಸತ್ತವೋ ಎಂದು ಬಿಡಿಸಿ ನೋಡುವುದೇ ಈ ಕ್ಷೇತ್ರದ ಸಂಶೋಧಕರ ನಿಜವಾದ ಕೆಲಸ.

ಪಿಪೆಟ್ ಹಿಡಿಯುವ ಮೊದಲು ಡೋಸ್ ಲೆಕ್ಕ ಹಾಕಿ. ವಿಟಮಿನ್ ಸಿಯನ್ನು ಬಾಯಿಂದ ಎಷ್ಟು ನುಂಗಿದರೂ ರಕ್ತದಲ್ಲಿ ಅದರ ಮಟ್ಟ ಸುಮಾರು 220 ಮೈಕ್ರೋಮೋಲಾರ್ (ಸಾಂದ್ರತೆಯ ಅಳತೆ) ದಾಟುವುದು ಕಷ್ಟ. ರಕ್ತನಾಳಕ್ಕೆ ನೇರವಾಗಿ ಕೊಟ್ಟರೆ 10,000 ದಾಟುತ್ತದೆ. ಎರಡೂ ಒಂದೇ ವಿಟಮಿನ್, ಆದರೆ ಪರಿಣಾಮದ ದೃಷ್ಟಿಯಿಂದ ಬೇರೆ ಬೇರೆ ಔಷಧಗಳಿದ್ದಂತೆ. ಕರ್ಕ್ಯುಮಿನ್‌ನದು ಇನ್ನೂ ಬಿಗಿ: 8 ಗ್ರಾಂ ನುಂಗಿದವರ ರಕ್ತದಲ್ಲೂ ಸುಮಾರು 2 ಮೈಕ್ರೋಮೋಲಾರ್ ಕಂಡರೆ ಹೆಚ್ಚು. ನಿಮ್ಮ ಕೋಶಗಳು 50ರಲ್ಲಿ ಮಾತ್ರ ಸಾಯುತ್ತಿದ್ದರೆ ಬಾಯಿಂದ ತಿನ್ನುವ ಕರ್ಕ್ಯುಮಿನ್ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ. ರಕ್ತದ ಮಟ್ಟವನ್ನು ಮಧ್ಯದಲ್ಲಿಟ್ಟು ಅದರ ಹತ್ತನೇ ಒಂದು ಪಾಲಿನಿಂದ ಹತ್ತು ಪಟ್ಟಿನವರೆಗೆ ಡೋಸ್‌ಗಳನ್ನು ಹರಡಿ.

ಸ್ಟಾಕ್ (ದಟ್ಟ ಮೂಲ ದ್ರಾವಣ) ಮಾಡಲು 7.37 ಮಿಲಿಗ್ರಾಂ ಕರ್ಕ್ಯುಮಿನ್ ಅನ್ನು 1 ಮಿಲಿಲೀಟರ್ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ. 20 ಮಿಲಿಮೋಲಾರ್ ಆಗುತ್ತದೆ. ಮುಂದಿನ ಡೋಸ್‌ಗಳನ್ನೂ ಡಿಎಂಎಸ್‌ಒದಲ್ಲೇ ತೆಳು ಮಾಡಿಕೊಂಡು, ಪ್ರತಿಯೊಂದರಿಂದಲೂ 1 ಮೈಕ್ರೋಲೀಟರ್ ತೆಗೆದು 1 ಮಿಲಿಲೀಟರ್ ಮೀಡಿಯಂಗೆ ಹಾಕಿ. ಆಗ ಎಲ್ಲ ವೆಲ್‌ಗಳಲ್ಲೂ (ಪ್ಲೇಟಿನ ಗುಳಿಗಳು) ಡಿಎಂಎಸ್‌ಒ ಶೇ. 0.1 ಇರುತ್ತದೆ. ಕಂಟ್ರೋಲ್‌ಗೂ (ಪೋಷಕಾಂಶ ಹಾಕದ ವೆಲ್) ಅಷ್ಟೇ ಹಾಕಿ. ಮೀಡಿಯಂನಲ್ಲಿ ತೆಳು ಮಾಡುತ್ತಾ ಹೋದರೆ ಡೋಸ್ ಜೊತೆ ಡಿಎಂಎಸ್‌ಒ ಕೂಡ ಏರಿಳಿಯುತ್ತದೆ, ಕೋಶ ಸತ್ತದ್ದು ಯಾವುದರಿಂದ ಎಂದು ಗೊತ್ತಾಗದು. ಸ್ಟಾಕ್ ಅನ್ನು ಸಣ್ಣ ಟ್ಯೂಬ್‌ಗಳಿಗೆ ಹಂಚಿ, ಬೆಳಕು ತಾಗದಂತೆ ಫ್ರೀಜರ್‌ನಲ್ಲಿಡಿ.

96 ವೆಲ್ ಪ್ಲೇಟಿನಲ್ಲಿ ಒಳಗಿನ 60 ವೆಲ್‌ಗಳನ್ನಷ್ಟೇ ಬಳಸಿ. ಅಂಚಿನವು ಬೇಗ ಆವಿಯಾಗುವುದರಿಂದ ಅಲ್ಲಿ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿಸಿ. ಪ್ರತಿ ವೆಲ್‌ಗೆ 100 ಮೈಕ್ರೋಲೀಟರ್‌ನಲ್ಲಿ ಸುಮಾರು 5,000 ಕೋಶ ಹಾಕಿ, ಒಂದು ದಿನ ತಳಕ್ಕೆ ಅಂಟಿಕೊಳ್ಳಲು ಬಿಟ್ಟು, ಆಮೇಲೆ ಹಳೆಯ ಮೀಡಿಯಂ ತೆಗೆದು ಪೋಷಕಾಂಶವಿರುವ ಮೀಡಿಯಂ ಹಾಕಿ. ಸೀರಂ (ರಕ್ತದ ತಿಳಿ ಭಾಗ) ಇಲ್ಲದ ಮೀಡಿಯಂ ಬೇಡ. ಸೀರಂ ಇಲ್ಲದ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಕರ್ಕ್ಯುಮಿನ್‌ನ ಶೇ. 90ರಷ್ಟು ಅರ್ಧ ಗಂಟೆಯಲ್ಲಿ ಒಡೆದುಹೋಗುತ್ತದೆ. ಹಾಕಿದ ಕೂಡಲೇ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿ: ಕೋಶಗಳ ನಡುವೆ ಹಳದಿ ಸೂಜಿಗಳಂತೆ ಹರಳು ಕಂಡರೆ ಅದು ಕರಗಿಲ್ಲ, ನೀವು ಬರೆದುಕೊಂಡ ಡೋಸ್ ಸುಳ್ಳು.

ಇಲ್ಲಿಂದ ಮುಂದೆ ಹೆಚ್ಚಿನವರು ಮೋಸಹೋಗುವುದು ಎರಡು ಕಡೆ.

ಒಂದು, ಹೈಡ್ರೋಜನ್ ಪೆರಾಕ್ಸೈಡ್. ಇಜಿಸಿಜಿ ಮತ್ತು ವಿಟಮಿನ್ ಸಿ ಮೀಡಿಯಂನಲ್ಲೇ ಆಕ್ಸಿಜನ್ ಜೊತೆ ಸೇರಿ ಪೆರಾಕ್ಸೈಡ್ ಹುಟ್ಟಿಸುತ್ತವೆ, ಹಲವು ಸಲ ಕೋಶಗಳನ್ನು ಕೊಲ್ಲುವುದು ಅದು. ಪರೀಕ್ಷೆ ಸುಲಭ: ಅದೇ ಡೋಸ್‌ನ ಇನ್ನೊಂದು ಸಾಲಿಗೆ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿ. ಕೋಶಗಳು ಬದುಕುಳಿದರೆ ಉತ್ತರ ಸಿಕ್ಕಿತು. ಮೀಡಿಯಂನಲ್ಲಿ ಪೈರುವೇಟ್ ಇದೆಯೇ ಎಂಬುದನ್ನೂ ಬರೆದಿಡಿ, ಅದು ಪೆರಾಕ್ಸೈಡನ್ನು ಹೀರಿಬಿಡುತ್ತದೆ. ಒಂದೇ ಪ್ರಯೋಗ ಎರಡು ಲ್ಯಾಬ್‌ಗಳಲ್ಲಿ ಬೇರೆ ಬೇರೆ ಉತ್ತರ ಕೊಡಲು ಇಷ್ಟೇ ಸಾಕು. (ರಕ್ತನಾಳಕ್ಕೆ ಕೊಡುವ ವಿಟಮಿನ್ ಸಿ ದೇಹದಲ್ಲೂ ಪೆರಾಕ್ಸೈಡ್ ಮೂಲಕವೇ ಕೆಲಸ ಮಾಡುತ್ತದೆ ಎಂಬ ವಾದವಿದೆ. ಹಾಗಾಗಿ ಅಲ್ಲಿ ಇದು ತಪ್ಪೆನ್ನುವುದಕ್ಕಿಂತ, ಎಲ್ಲಿ ಹುಟ್ಟಿತು ಎಂಬ ಪ್ರಶ್ನೆ.)

ಎರಡನೆಯದು ಎಂಟಿಟಿ, ಬದುಕಿರುವ ಕೋಶಗಳನ್ನು ಅಳೆಯಲು ಬಳಸುವ ಬಣ್ಣ. ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತದೆ ಎಂದು ನಂಬಿ 570 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಆದರೆ ಆಂಟಿಆಕ್ಸಿಡೆಂಟ್‌ಗಳು ಕೋಶವೇ ಇಲ್ಲದೆಯೂ ಅದನ್ನು ನೇರಳೆ ಮಾಡಬಲ್ಲವು, ಸತ್ತ ವೆಲ್ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ, ಪೋಷಕಾಂಶ ಮಾತ್ರ ಇರುವ ವೆಲ್‌ಗಳನ್ನು ಪ್ರತಿ ಪ್ಲೇಟಿನಲ್ಲೂ ಇಡಿ. ಎಂಟಿಟಿ ಹಾಕುವ ಮೊದಲು ಪಿಬಿಎಸ್‌ನಿಂದ ಮೆಲ್ಲಗೆ ಎರಡು ಸಲ ತೊಳೆಯಿರಿ. ಫಲಿತಾಂಶವನ್ನು, ಸತ್ತ ಕೋಶಗಳಿಗೆ ಮಾತ್ರ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಎಣಿಕೆಯಿಂದ ಇನ್ನೊಮ್ಮೆ ತಾಳೆ ನೋಡಿ.

ಕೋಶಗಳ ಗುರುತನ್ನು ಎಸ್‌ಟಿಆರ್ ಎಂಬ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ತಿಂಗಳಿಗೊಮ್ಮೆ ನೋಡಿ. ಎಂಡಿಎ-ಎಂಬಿ-435 ಎಂಬ ಕೋಶ ತಳಿಯನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದು ಬಳಸಲಾಯಿತು. ಅದು ಮೆಲನೋಮಾ (ಚರ್ಮದ ಒಂದು ಬಗೆಯ ಕ್ಯಾನ್ಸರ್) ಕೋಶ. ಒಂದೇ ದಿನದ ಮೂರು ವೆಲ್ ಮೂರು ಪ್ರಯೋಗವಲ್ಲ, ಮೂರು ಬೇರೆ ದಿನ ಮಾಡಿ.

ಕಡಿಮೆ ಡೋಸ್‌ನಲ್ಲಿ ಕೋಶಗಳು ಕಂಟ್ರೋಲ್‌ಗಿಂತ ಹೆಚ್ಚು ಬೆಳೆದರೆ ಅದನ್ನು ಅಳತೆಯ ಏರುಪೇರು ಎಂದು ತಳ್ಳಿಹಾಕಬೇಡಿ. ಫೋಲಿಕ್ ಆಮ್ಲ ಎಂಬ ವಿಟಮಿನ್ ಲುಕೇಮಿಯಾವನ್ನು (ರಕ್ತದ ಕ್ಯಾನ್ಸರ್) ಬೆಳೆಸುವಂತೆ ಕಂಡದ್ದರಿಂದಲೇ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಅದರ ವಿರೋಧಿಯಾದ ಅಮಿನಾಪ್ಟೆರಿನ್ ಅನ್ನು ಮಕ್ಕಳಿಗೆ ಕೊಟ್ಟು, 1948ರಲ್ಲಿ ತಾತ್ಕಾಲಿಕ ಚೇತರಿಕೆ ತೋರಿಸಿದರು. ಫಿನ್‌ಲ್ಯಾಂಡ್‌ನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿ ಬಂದಿತ್ತು. ಆದ್ದರಿಂದ ಗ್ರಾಫ್ ಬರೆಯುವಾಗ ಅಕ್ಷವನ್ನು ಶೇ. 100ಕ್ಕೆ (ಕಂಟ್ರೋಲ್‌ನ ಮಟ್ಟ) ಕತ್ತರಿಸದೆ 150ರವರೆಗೆ ಬಿಡಿ, ಏರಿದ ಬಿಂದುಗಳಿದ್ದರೆ ಕಾಣಲಿ.