ಒಂದೇ ಸೇಬಿಗೆ ಮೂರು ಹೆಸರು: ನಾನು ಬೇರು ಹುಡುಕಿದ್ದು ಹೀಗೆ

ಸ್ಪ್ಯಾನಿಷ್ ಪಾಠ ಹೇಳುವವಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸೇಬಿಗೆ ಸ್ಪ್ಯಾನಿಷ್‌ನಲ್ಲಿ ಮನ್ಸಾನಾ, ಫ್ರೆಂಚ್‌ನಲ್ಲಿ ಪೊಮ್, ಇಟಾಲಿಯನ್‌ನಲ್ಲಿ ಮೇಲಾ. ಮೂರೂ ಲ್ಯಾಟಿನ್‌ನಿಂದ ಬಂದ ಭಾಷೆಗಳೇ ಅಲ್ವಾ, ಮತ್ತೆ ಹೆಸರು ಯಾಕೆ ಬೇರೆ?

ಇಂಥ ಕಡೆ ನಾನು ಈಗಿನ ರೂಪ ಬಿಟ್ಟು ಹಳೆಯ ಬರಹದ ರೂಪ ನೋಡುತ್ತೇನೆ. ಹಳೇ ಸ್ಪ್ಯಾನಿಷ್‌ನಲ್ಲಿ ಇದು 'ಮತ್ಸಾನಾ'. ನಡುವಿನ 'ನ್' ಆಮೇಲೆ ಸೇರಿಕೊಂಡಿದ್ದು. ಪೋರ್ಚುಗೀಸ್‌ನ 'ಮಸಾಂ' ಕೂಡ ಇದನ್ನೇ ಹೇಳುತ್ತದೆ. ಆ 'ನ್' ತೆಗೆದರೆ ಲ್ಯಾಟಿನ್‌ನ 'ಮಾಲಾ ಮಾತ್ತಿಯಾನಾ' ಕಣ್ಣಿಗೆ ಬೀಳುತ್ತದೆ. ಅಂದರೆ ಮಾತಿಯುಸ್‌ನ ಸೇಬುಗಳು. ಗಾಯುಸ್ ಮಾತಿಯುಸ್ ಜೂಲಿಯಸ್ ಸೀಸರನ ಗೆಳೆಯ. ಆ ತಳಿಗೆ ಅವನ ಹೆಸರೇ ಬಂತು ಅನ್ನುತ್ತಾರೆ. ರೋಮನ್ ಲೇಖಕರಾದ ಕೊಲುಮೆಲ್ಲ, ಪ್ಲಿನಿ ಇಬ್ಬರೂ ಈ ತಳಿಯನ್ನು ಹೆಸರಿಸಿದ್ದಾರೆ. ನಾವು ಮಾವು ಅನ್ನದೆ ಸುಮ್ನೆ 'ಎರಡು ಕೆಜಿ ರಸಪುರಿ ಕೊಡಿ' ಅಂತೀವಲ್ಲ, ಹಾಗೆ 'ಮಾಲಾ' ಬಿದ್ದುಹೋಗಿ ತಳಿಯ ಹೆಸರೇ ಉಳಿಯಿತು.

ಪೊಮ್ ಸುಲಭ. ಲ್ಯಾಟಿನ್‌ನಲ್ಲಿ 'ಪೋಮುಮ್' ಅಂದರೆ ಯಾವ ಹಣ್ಣಾದರೂ ಸರಿ. ಫ್ರೆಂಚರು ಅದನ್ನು ಸೇಬಿಗೆ ಕಟ್ಟಿಹಾಕಿದರು. ಮೇಲಾ ಮಾತ್ರ 'ಮಾಲುಮ್', ಅಂದರೆ ಲ್ಯಾಟಿನ್‌ನಲ್ಲಿ ಸೇಬು, ಅದರ ಕಡೆಯದು, ಅದರ ಹಿಂದೆ ಗ್ರೀಕ್ ಇದೆ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಲಿಂಗದ ಗಂಟು. ಲ್ಯಾಟಿನ್‌ನಲ್ಲಿ ಮಾಲುಮ್, ಪೋಮುಮ್ ಎರಡೂ ನಪುಂಸಕಲಿಂಗ. ಇಂದಿನ ಮೇಲಾ, ಪೊಮ್ ಸ್ತ್ರೀಲಿಂಗ. ನಿಘಂಟಿನಲ್ಲಿ ಬಹುವಚನದ ರೂಪ ನೋಡಿದ ಮೇಲೆ ಗಂಟು ಬಿಚ್ಚಿತು: ಮಾಲಾ, ಪೋಮಾ. ಹಣ್ಣನ್ನು ಯಾರು ಒಂದೊಂದಾಗಿ ಲೆಕ್ಕ ಹಾಕುತ್ತಾರೆ? ಮಾತೆಲ್ಲ ರಾಶಿಯದ್ದೇ. ಆ ಬಹುವಚನದ 'ಆ' ಕೊನೆ ಸ್ತ್ರೀಲಿಂಗ ಏಕವಚನದ ಹಾಗೇ ಕೇಳುತ್ತದೆ. ನಪುಂಸಕಲಿಂಗ ಸವೆದುಹೋಗುತ್ತಿದ್ದಾಗ ಜನ ಅದನ್ನು ಒಂದೇ ಹಣ್ಣಿನ ಹೆಸರಾಗಿ ಮಾಡಿಕೊಂಡರು. ಪಿರುಮ್, ಪಿರಾ, ಪೇರಾ: ಪೇರ್ ಹಣ್ಣಿನ ಕತೆಯೂ ಇದೇ.

ಮರದ್ದು ಇನ್ನೂ ತಮಾಷೆ. ಲ್ಯಾಟಿನ್‌ನಲ್ಲಿ ಮರ ಸ್ತ್ರೀಲಿಂಗ. ಈಗ ಇಟಾಲಿಯನ್‌ನಲ್ಲಿ ಹಣ್ಣು ಮೇಲಾ ಸ್ತ್ರೀಲಿಂಗ, ಮರ ಮೇಲೋ ಪುಲ್ಲಿಂಗ. ಸ್ಪ್ಯಾನಿಷ್‌ನಲ್ಲೂ ಮನ್ಸಾನಾ, ಮನ್ಸಾನೋ.

ಅಂದಿನಿಂದ ಯಾವ ಹಣ್ಣಿನ ಹೆಸರು ಸಿಕ್ಕರೂ ಮೊದಲು ಬಹುವಚನ ನೋಡುತ್ತೇನೆ. ಚೆರ್ರಿಯಲ್ಲಿ ಉಲ್ಟಾ ಆಗಿದೆ. ನಾರ್ಮನ್ ಫ್ರೆಂಚ್‌ನ 'ಚೆರೀಸ್' ಏಕವಚನ. ಕೊನೆಯ 'ಸ್' ಕೇಳಿದ ಇಂಗ್ಲಿಷರು ಬಹುವಚನ ಅಂದುಕೊಂಡು ಅದನ್ನು ಕತ್ತರಿಸಿ ಚೆರ್ರಿ ಮಾಡಿಕೊಂಡರು.